ಕಪ್ಪು ನಾಯಿಯಲ್ಲ, ಕಪ್ ನಾಯಿ

ಶೀನ ಬಂದು ಬೆಂಚಿನ ಮೇಲೆ ಕೂತವನೇ, "ಕಪ್ ನಾಯಿ ತರ್ತಾ ಇದ್ದೀನಿ" ಎಂದ.

ನಾಣಿಗೆ ಕಿವಿ ಸ್ವಲ್ಪ ಮಂದ. "ತಾರಯ್ಯ. ಕಪ್ಪಾದರೇನು, ಬಿಳಿಯಾದರೇನು, ಕಳ್ಳ ಬಂದಾಗ ಬೊಗಳಿದರೆ ಸಾಕು."

"ಕಪ್ಪು ಅಲ್ಲ ಮಾರಾಯ, ಕಪ್! ಟೀ ಕಪ್! ಕಪ್ಪಿನೊಳಗೆ ಕೂರುತ್ತಲ್ಲ, ಆ ನಾಯಿ." ಶೀನ ಮೊಬೈಲ್ ಮುಂದೆ ಹಿಡಿದ. ಒಂದು ಕಪ್ಪು. ಅದರ ಅಂಚಿನಿಂದ ಇಣುಕುವ ಎರಡು ಕಣ್ಣು, ಒಂದು ಮೂಗು, ತಲೆಗೊಂದು ರಿಬ್ಬನ್ನು. ಮುದ್ದಾಗಿತ್ತು, ಇಲ್ಲ ಅನ್ನಲ್ಲ.

ನಾಣಿ ಕನ್ನಡಕ ಏರಿಸಿ ನೋಡಿದ. "ಇದಕ್ಕೆ ಸಕ್ಕರೆ ಎಷ್ಟು ಚಮಚ ಹಾಕಬೇಕು?"

ನಾವೆಲ್ಲ ನಕ್ಕೆವು. ಡಾಕ್ಟ್ರು ಮಾತ್ರ ನಗಲಿಲ್ಲ. ನಮ್ಮ ಡಾಕ್ಟ್ರು ದನ, ನಾಯಿ, ಬೆಕ್ಕುಗಳ ಡಾಕ್ಟ್ರು, ಈಗ ನಿವೃತ್ತರು. ನಮ್ಮ ಗುಂಪಿನಲ್ಲಿ ಬಂದು ಕೂರುವುದೂ ಹಳೆಯ ಅಭ್ಯಾಸ ಬಿಡಲಾಗದೆಯೇ ಇರಬೇಕು.

"ನೀವು ತಮಾಷೆಗೆ ಕೇಳಿದ್ರಿ ನಾಣಿ. ಆದರೆ ಸಕ್ಕರೆ ನಿಜವಾಗಿಯೂ ಬೇಕಾಗುತ್ತೆ" ಎಂದರು. "ಅಷ್ಟು ಸಣ್ಣ ಮರಿಯ ಯಕೃತ್ತು ಅಂತೀವಲ್ಲ, ಲಿವರ್, ಅದರಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಮ್ಮಿ. ಮೈ ಚಿಕ್ಕದಾದಷ್ಟೂ ಶಾಖ ಬೇಗ ಸೋರಿಹೋಗುತ್ತೆ, ಅದಕ್ಕೆ ಉರುವಲು ಜಾಸ್ತಿ ಬೇಕು. ಒಂದು ಹೊತ್ತು ಊಟ ತಪ್ಪಿದರೂ ರಕ್ತದಲ್ಲಿ ಸಕ್ಕರೆ ಇಳಿದು ನಡುಗುತ್ತೆ, ತೂರಾಡುತ್ತೆ, ಫಿಟ್ಸ್ ಬರುತ್ತೆ. ಆಗ ವಸಡಿಗೆ ಸಕ್ಕರೆ ಪಾಕವೋ ಜೇನುತುಪ್ಪವೋ ಸವರಿಕೊಂಡು ಆಸ್ಪತ್ರೆಗೆ ಓಡಬೇಕು. ಹಾಗಾಗಬಾರದು ಅಂದರೆ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ ತಿನ್ನಿಸಬೇಕು."

"ರಾತ್ರಿಯೂನಾ?" ಶೀನ ಕೇಳಿದ.

"ಹೊಟ್ಟೆಗೆ ಗಡಿಯಾರ ಗೊತ್ತಾ?"

"ಶೀನ, ನಿನ್ನ ಮಗ ಹುಟ್ಟಿದಾಗ ರಾತ್ರಿ ಎದ್ದಿದ್ಯಾ?" ನಾಣಿ ಕೇಳಿದ.

"ಇಲ್ಲ, ಅವಳೇ ಏಳ್ತಿದ್ದಳು."

"ಹಾಗಾದ್ರೆ ನಾಯಿ ತರೋ ವಿಷಯ ಅವಳಿಗೆ ಗೊತ್ತಾ?"

ಶೀನ ಮಾತು ಬದಲಿಸಿದ. "ಜಾತಿ ನಾಯಿ ಡಾಕ್ಟ್ರೇ, ಬೀದಿಯದ್ದಲ್ಲ. ಟೀ ಕಪ್ ಜಾತಿ."

"ಅಂಥ ಜಾತಿಯೇ ಇಲ್ಲ" ಎಂದರು ಡಾಕ್ಟ್ರು. ನಾಯಿ ತಳಿಗಳಿಗೆ ಮನ್ನಣೆ ಕೊಡುವ ಅಮೆರಿಕನ್ ಕೆನಲ್ ಕ್ಲಬ್ ಒಪ್ಪಿಲ್ಲ, ಬ್ರಿಟನ್ನಿನ ಕೆನಲ್ ಕ್ಲಬ್ಬೂ ಒಪ್ಪಿಲ್ಲ. ಟೀ ಕಪ್ಪು, ಮೈಕ್ರೋ, ಪಾಕೆಟ್ ಎಲ್ಲ ಮಾರುವವರು ಅಂಟಿಸಿದ ಹೆಸರು. ನಿಜವಾದ ಪುಟ್ಟ ಜಾತಿಗಳು ಬೇರೆಯೇ ಇವೆ. ಅಮೆರಿಕದ ಮಾನದಂಡದ ಪ್ರಕಾರ ಚಿವಾವಾ 6 ಪೌಂಡ್ ಮೀರಬಾರದು, ಅಂದರೆ ಸುಮಾರು 2.7 ಕೆಜಿ. ಯಾರ್ಕ್‌ಷೈರ್ ಟೆರಿಯರ್ 7 ಪೌಂಡ್. ಅದೇ ಒಂದು ಹಿಡಿಯಷ್ಟು. ಜನಕ್ಕೆ ಅದೂ ದಪ್ಪ ಅನ್ನಿಸಿಬಿಟ್ಟಿದೆ.

"ಮತ್ತೆ ಇದನ್ನ ಹೇಗೆ ಮಾಡ್ತಾರೆ? ಒಗೆದು ಬಿಸಿಲಿಗೆ ಹಾಕ್ತಾರಾ, ಕುಗ್ಗಲಿ ಅಂತ?" ಇದು ನಾಣಿ.

ಒಂದು ಸೂಲಿನ ಮರಿಗಳಲ್ಲಿ ಒಂದು ನರಪೇತಲ ಇರುತ್ತಲ್ಲ, ಅಂಥದ್ದನ್ನೇ ಹುಡುಕಿ ಇನ್ನೊಂದು ನರಪೇತಲದ ಜೊತೆ ಕೂಡಿಸುತ್ತಾರಂತೆ. ಎಷ್ಟೋ ಸಲ ಅಣ್ಣ ತಂಗಿ ಅಂತಲೂ ನೋಡುವುದಿಲ್ಲ. ಕೆಲವರು ಬೆಳೆಯದಿರಲಿ ಎಂದು ಅರೆಹೊಟ್ಟೆಯಲ್ಲೇ ಇಡುತ್ತಾರೆ. ಇನ್ನು ಕೆಲವರು ಐದು ವಾರದ ಮರಿಗೆ ಹತ್ತು ವಾರ ಅಂತ ಹೇಳಿ ಸಾಗಹಾಕುತ್ತಾರೆ. ಇದ್ದುದರಲ್ಲಿ ಈ ಮರಿಯೇ ಪುಣ್ಯವಂತ. ಆರು ತಿಂಗಳಲ್ಲಿ ಕಪ್ಪು ಬಿಟ್ಟು ಬಕೆಟ್ಟಿಗೆ ಬಂದಿರುತ್ತೆ, ಆರೋಗ್ಯವಾಗಿರುತ್ತೆ, ಮಾಲೀಕ ಮಾತ್ರ ಮೋಸಹೋದೆ ಅಂತ ಕೂಗಾಡುತ್ತಾನೆ.

ನನಗೆ ತಮಾಷೆ ಅನ್ನಿಸಿದ್ದು ಇದು. ಸೂಲಿನ ಬಡಕಲು ಮರಿಯನ್ನು ಮೊದಲೆಲ್ಲ ಯಾರೂ ಕೇಳುತ್ತಿರಲಿಲ್ಲ. ಕೊನೆಗೆ ಯಾರಾದರೂ ಅಯ್ಯೋ ಪಾಪ ಅಂತ ಸುಮ್ನೆ ಎತ್ತಿಕೊಂಡು ಹೋಗಬೇಕಿತ್ತು. ಈಗ ಅದಕ್ಕೇ ಮೊದಲ ಗಿರಾಕಿ. ತೂಕ ಇಳಿದಷ್ಟೂ ಬೆಲೆ ಏರುವ ವ್ಯಾಪಾರ ಬೇರೆ ಯಾವುದಿದೆ ಹೇಳಿ.

ಡಾಕ್ಟ್ರು ಬೆರಳು ಮಡಿಸತೊಡಗಿದರು. ಮಂಡಿಚಿಪ್ಪು ಜಾರುತ್ತೆ. ಮುಂಗಾಲಿನ ಮೂಳೆ ಕಡ್ಡಿಯಷ್ಟೇ ದಪ್ಪ. ಸೋಫಾದಿಂದ ನೆಗೆದರೂ ಪಟ್ಟನೆ ಮುರಿಯುತ್ತೆ, ಅಲ್ಲಿ ರಕ್ತದ ಓಡಾಟ ಕಮ್ಮಿಯಾದ್ದರಿಂದ ಬೇಗ ಕೂಡುವುದೂ ಇಲ್ಲ. ನೆತ್ತಿ ಕೂಡದೆ ಹಾಗೇ ಉಳಿಯಬಹುದು, ಮಿದುಳಿನಲ್ಲಿ ನೀರು ತುಂಬಬಹುದು. ಶ್ವಾಸನಾಳ ಕುಸಿದರೆ ಹೆಬ್ಬಾತು ಕೂಗಿದ ಹಾಗೆ ಕೆಮ್ಮುತ್ತೆ, ಕತ್ತಿಗೆ ಪಟ್ಟಿ ಕಟ್ಟಿ ಎಳೆಯುವ ಹಾಗಿಲ್ಲ. ಆಪರೇಷನ್‌ಗೆ ಅರಿವಳಿಕೆ ಕೊಡುವುದಂತೂ ಡಾಕ್ಟರಿಗೇ ಎದೆ ಡವಗುಟ್ಟುವ ಕೆಲಸ.

"ಬಾಯಿ ಇಷ್ಟೇ. ಹಲ್ಲು ಮಾತ್ರ ದೊಡ್ಡ ನಾಯಿಗಿರುವ 42 ಅದಕ್ಕೂ ಇರಬೇಕು. ಒಂದರ ಮೇಲೊಂದು ಹತ್ತಿಕೊಂಡು ಕೊಳೆಯುತ್ತವೆ."

"ನನಗೆ ಇಷ್ಟು ದೊಡ್ಡ ಬಾಯಿದ್ದು ಹತ್ತೊಂಬತ್ತೇ ಉಳಿದಿರೋದು" ಎಂದು ನಾಣಿ ನಿಟ್ಟುಸಿರು ಬಿಟ್ಟ.

ಶೀನ ಸೋಲೊಪ್ಪುವವನಲ್ಲ. "ಅಮೆರಿಕದಲ್ಲಿ ಪರ್ಲ್ ಅಂತ ಚಿವಾವಾ ಇದೆ. 2023ರಲ್ಲಿ ಗಿನ್ನೆಸ್ ದಾಖಲೆ ಕೊಟ್ಟರು. ಎತ್ತರ 9.14 ಸೆಂಟಿಮೀಟರ್, ತೂಕ 553 ಗ್ರಾಂ. ಅದು ಚೆನ್ನಾಗೇ ಇಲ್ವಾ?"

"ಲಾಟರಿ ಹೊಡೆದವನ ಫೋಟೋ ನೋಡಿ ನೀನೂ ಟಿಕೆಟ್ ಕೊಳ್ಳೋ ಹಾಗಾಯ್ತು" ಎಂದೆ ನಾನು.

ಡಾಕ್ಟ್ರು ಇಲ್ಲಿ ಶೀನನ ಕೈ ಹಿಡಿದರು. ಚಿಕ್ಕದಾಗಿರುವುದೇ ರೋಗವಲ್ಲವಂತೆ. ನಾಯಿಯನ್ನು ಪುಟ್ಟದಾಗಿಸುವ ಒಂದು ಜೀನ್ ವ್ಯತ್ಯಾಸ ಸುಮಾರು 54,000 ವರ್ಷ ಹಿಂದಿನ ತೋಳದಲ್ಲೇ ಇತ್ತು ಎಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಒಳ್ಳೆಯ ತಳಿಯ ಪುಟ್ಟ ನಾಯಿ ಗ್ರೇಟ್ ಡೇನ್‌ನಂಥ ಆನೆಮರಿಗಿಂತ ಹೆಚ್ಚು ವರ್ಷ ಬದುಕುತ್ತೆ. ಪುಟ್ಟದ್ದನ್ನೇ ಇನ್ನೂ ಹಿಂಡಿ ಹಿಪ್ಪೆ ಮಾಡಿದಾಗ ಮಾತ್ರ ಕಷ್ಟ.

"ಅಷ್ಟಕ್ಕೂ ನಿನಗೆ ಯಾಕೆ ಅಷ್ಟು ಸಣ್ಣದೇ ಬೇಕು?" ನಾನು ಕೇಳಿದೆ.

"ಜಾಗ ಬೇಡ. ಅಟ್ಟಿಸಿಕೊಂಡು ಓಡಲ್ಲ. ಸಾಮಾನು ಕೆಡವಲ್ಲ. ಬೊಗಳಿದರೂ ಪಕ್ಕದ ಮನೆಗೆ ಕೇಳಿಸಲ್ಲ. ಯಾವಾಗಲೂ ಮರಿ ಥರಾನೇ ಇರುತ್ತೆ."

"ಓಡಬಾರದು, ನೆಗೆಯಬಾರದು, ಬೊಗಳಬಾರದು, ಬೆಳೆಯಬಾರದು" ನಾಣಿ ಲೆಕ್ಕ ಹಾಕಿದ. "ನಿನಗೆ ಬೇಕಿರೋದು ನಾಯಿಯಲ್ಲ ಕಣೋ, ನಾಯಿಯ ಫೋಟೋ. ಅದು ಆಗಲೇ ನಿನ್ನ ಮೊಬೈಲಲ್ಲಿದೆ."

ಮಾರುವವರನ್ನು ಬೈಯುವುದು ಸುಲಭ. ಆದರೆ "ಇನ್ನೂ ಚಿಕ್ಕದು ಇಲ್ವಾ?" ಎಂದು ಕೇಳುವ ಬಾಯಿ ಶೀನನಂಥವರದ್ದೇ. ಅಮೆರಿಕದ ಸೆಲೆಬ್ರಿಟಿ ಪ್ಯಾರಿಸ್ ಹಿಲ್ಟನ್ ಹಿಂದೆ ಟಿಂಕರ್‌ಬೆಲ್ ಎಂಬ ಚಿವಾವಾವನ್ನು ಕಂಕುಳಲ್ಲಿಟ್ಟುಕೊಂಡು ತಿರುಗುವಾಗ ಅದು ಶ್ರೀಮಂತರ ಶೋಕಿಯಾಗಿತ್ತು. ಈಗ ಮೊಬೈಲ್ ಇದ್ದವರಿಗೆಲ್ಲ ಅದೇ ಆಸೆ.

"ತಗೊಳ್ಳೋದೇ ಆದ್ರೆ ಮೊದಲು ತಾಯಿ ನಾಯಿಯನ್ನು ನೋಡಿ. ಎಂಟು ವಾರಕ್ಕಿಂತ ಮೊದಲು ಮರಿಯನ್ನು ಮುಟ್ಟಲೇಬೇಡಿ" ಎಂದರು ಡಾಕ್ಟ್ರು.

ಶೀನ ಅಲ್ಲೇ ಮಾರುವವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ತಾಯಿ ನಾಯಿ ನೋಡಬಹುದಾ?"

"ನಿಮಗೆ ಬೇಕಿರೋದು ಮರಿ ತಾನೆ ಸಾರ್?"

"ಬೆಳೆದ ಮೇಲೆ ತೂಕ ಎಷ್ಟಾಗುತ್ತೆ?"

"ಬೆಳೆಯೋದೇ ಇಲ್ಲ ಸಾರ್, ಗ್ಯಾರಂಟಿ."

ನಾಣಿ ಫೋನಿನ ಹತ್ತಿರ ಬಾಯಿ ತಂದ. "ಬೆಲೆ ಕಪ್ ಸೇರಿಸಿಯೋ, ಬಿಟ್ಟೋ?"

"ಕಪ್ ಕೊಡಲ್ಲ ಸಾರ್" ಎಂದಿತು ಆ ಕಡೆಯ ದನಿ. "ಇರೋದು ಅದೊಂದೇ. ಎಲ್ಲ ಮರಿಗಳ ಫೋಟೋನೂ ಅದರಲ್ಲೇ ತೆಗೀಬೇಕು."