ಕ್ರಂಚಸ್ ಮಾಡಿದರೂ ಹೊಟ್ಟೆ ಇಳಿಯುತ್ತಿಲ್ಲ, ಏನು ಮಾಡಲಿ?

ಕೇಳಿದವರು: ವಯಸ್ಸು 36, ತೂಕ 68 ಕೆ.ಜಿ. ಎರಡನೇ ಸಿಸೇರಿಯನ್ ಆಗಿ ಒಂದೂವರೆ ವರ್ಷ. ದಿನಾ 60 ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಮಾಡ್ತಿದ್ದೀನಿ. ಕತ್ತು ನೋಯುತ್ತೆ, ಏಳುವಾಗ ಹೊಕ್ಕುಳ ಮೇಲೆ ಉದ್ದಕ್ಕೆ ಉಬ್ಬುತ್ತೆ, ಸೊಂಟದ ಅಳತೆ ಮಾತ್ರ ಹಾಗೇ ಇದೆ. ತಿಳಿದವರು ಹೇಳಿ.

ಫಿಸಿಯೋಥೆರಪಿಸ್ಟ್: ಮೇಡಂ, ಸದ್ಯಕ್ಕೆ ಕ್ರಂಚಸ್ ನಿಲ್ಲಿಸಿ. ಬಸುರಿನಲ್ಲಿ ಹೊಟ್ಟೆಯ ಎಡ-ಬಲ ಸ್ನಾಯುಗಳ ನಡುವಿನ ಪಟ್ಟಿ ಹಿಗ್ಗುತ್ತದೆ. ಹೆರಿಗೆಯ ನಂತರ ಅದು ಪೂರ್ತಿ ಬಿಗಿಯಾಗದಿದ್ದರೆ ನೀವು ಹೇಳಿದಂತೆಯೇ ಉಬ್ಬುತ್ತದೆ. ಡಯಾಸ್ಟಾಸಿಸ್ ಅನ್ನುತ್ತಾರೆ. ಮನೆಯಲ್ಲೇ ನೋಡಿಕೊಳ್ಳಿ: ಅಂಗಾತ ಮಲಗಿ ಮಂಡಿ ಮಡಚಿ, ಬೆರಳುಗಳನ್ನು ಹೊಕ್ಕುಳ ಮೇಲೆ ಅಡ್ಡಕ್ಕಿಟ್ಟು ತಲೆ ಸ್ವಲ್ಪ ಎತ್ತಿ. ಎರಡು ಬೆರಳು ಅಥವಾ ಹೆಚ್ಚು ಒಳಗಿಳಿದರೆ ಅಂತರ ಇದೆ ಅಂತ ಅರ್ಥ. ಹೊಕ್ಕುಳ ಕೆಳಗೂ ಹೀಗೇ ನೋಡಿ. ಗಟ್ಟಿ ಗಂಟಿದ್ದು ಒತ್ತಿದರೂ ಒಳಗೆ ಹೋಗದಿದ್ದರೆ ಹರ್ನಿಯಾ ಇರಬಹುದು, ಸರ್ಜನ್‌ಗೆ ತೋರಿಸಿ. ಜೊತೆಗೆ ನೋವು, ವಾಂತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂತರ ಮಾತ್ರ ಇದ್ದರೆ ಒಳಗಿನ ಸ್ನಾಯುವಿನಿಂದ ಶುರು ಮಾಡಿ. ಅದೇ ಭಂಗಿಯಲ್ಲಿ ನಿಧಾನವಾಗಿ ಉಸಿರು ಬಿಡುತ್ತಾ, ಮೂತ್ರ ತಡೆಯುವಂತೆ ಕೆಳಗಿನ ಸ್ನಾಯು ಬಿಗಿಹಿಡಿದು ಹೊಕ್ಕುಳನ್ನು ಬೆನ್ನಿನ ಕಡೆ ಎಳೆದುಕೊಳ್ಳಿ. 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ಉಸಿರು ಕಟ್ಟಬೇಡಿ, ಕಟ್ಟಿದರೆ ಒಳಗಿನ ಒತ್ತಡ ಏರಿ ಹೊಟ್ಟೆ ಹೊರಕ್ಕೆ ತಳ್ಳುತ್ತದೆ. ಇದು ಹಿಡಿತಕ್ಕೆ ಬಂದ ಮೇಲೆ ಹಿಮ್ಮಡಿ ಜಾರಿಸುವುದು: ಹೊಟ್ಟೆ ಬಿಗಿಯಾಗಿಟ್ಟು ಒಂದು ಕಾಲನ್ನು ನೆಲದ ಮೇಲೆ ಜಾರಿಸಿ ನೇರ ಮಾಡಿ, ವಾಪಸ್ ಎಳೆದುಕೊಳ್ಳಿ. ಪ್ರತಿ ಕಾಲಿಗೆ 8 ಸಲ. ಸೊಂಟ ನೆಲ ಬಿಟ್ಟು ಕಮಾನಾದರೆ ಕಾಲು ಅಷ್ಟು ದೂರ ಹೋಗುವುದು ಬೇಡ. ನಂತರ ಬ್ರಿಡ್ಜ್ (ಮಂಡಿ ಮಡಚಿ ಮಲಗಿ ಸೊಂಟ ಮೇಲೆತ್ತುವುದು), ಬರ್ಡ್ ಡಾಗ್ (ಕೈ-ಮಂಡಿಯೂರಿ ಒಂದು ಕೈ, ಎದುರು ಬದಿಯ ಕಾಲು ನೇರ ಚಾಚುವುದು). ಯಾವುದರಲ್ಲಾದರೂ ನಡುವೆ ಉಬ್ಬು ಕಂಡರೆ ಹಿಂದಿನ ಹಂತಕ್ಕೆ ಇಳಿಯಿರಿ. ಹೊಟ್ಟೆಗೆ ಬೆಲ್ಟ್ ಕಟ್ಟಿದರೆ ಆಸರೆ ಸಿಗುತ್ತದೆ ಅಷ್ಟೇ, ಸ್ನಾಯು ಬಲವಾಗುವುದಿಲ್ಲ.

ಜಿಮ್ ತರಬೇತುದಾರ: ಹೊಟ್ಟೆಗೆ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಕರಗಲ್ಲ. ಕೊಬ್ಬು ಇಳಿಯುವುದು ಇಡೀ ಮೈಯಿಂದ, ಹಲವರಿಗೆ ಹೊಟ್ಟೆ ಕೊನೆಗೆ ಇಳಿಯುತ್ತೆ. ಹಾಗಾಗಿ ವಾರಕ್ಕೆ 150 ನಿಮಿಷ ಬಿರುಸು ನಡಿಗೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವ ಸ್ಕ್ವಾಟ್, ಗೋಡೆಗೆ ಪುಷ್ ಅಪ್, ತಲಾ 10ರಂತೆ ಮೂರು ಸುತ್ತು. ತೊಡೆ, ಪೃಷ್ಠ ದೊಡ್ಡ ಸ್ನಾಯುಗಳು, ಅವನ್ನು ಬಿಟ್ಟು ಬರೀ ಹೊಟ್ಟೆ ಹಿಡಿದುಕೊಂಡರೆ ಶ್ರಮ ದಂಡ. ಪ್ಲಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರವಾಗಿ ಹಿಡಿದು ನಿಲ್ಲುವುದು) ಆಮೇಲೆ ನೋಡೋಣ. ಮಾಡುವಾಗ ಮೊಣಕೈ ಭುಜದ ನೇರ ಕೆಳಗಿರಲಿ, 20 ಸೆಕೆಂಡ್ ಸಾಕು. ಸೊಂಟ ಜೋತುಬಿದ್ದು ಎರಡು ನಿಮಿಷ ನಿಂತರೆ ಬೆನ್ನುನೋವು ಖಂಡಿತ.

ಆಹಾರ ತಜ್ಞೆ: ಅರ್ಧ ಗಂಟೆ ನಡೆದು ಖರ್ಚಾದದ್ದು ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ವಾಪಸ್ ಬಂದುಬಿಡುತ್ತೆ, 15 ಎಂ.ಎಲ್. ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ದಾಟದಿರಲಿ. ಅನ್ನ ಪೂರ್ತಿ ಬಿಡಬೇಡಿ. ಎರಡನೇ ಸಲ ಬಡಿಸಿಕೊಳ್ಳುವ ಬದಲು ಒಂದು ಬಟ್ಟಲು ಹೆಸರುಕಾಳು ಉಸಲಿ ಅಥವಾ ಎರಡು ಮೊಟ್ಟೆ ತಗೊಳ್ಳಿ. ತಿಳಿಸಾರಿನಲ್ಲಿ ಬೇಳೆ ಕಡಿಮೆ, ಅದನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೂ ಹಾಲೂಡಿಸುತ್ತಿದ್ದರೆ ಉಪವಾಸ, ಡಯಟ್ ಪುಡಿ ಎರಡೂ ಬೇಡ.

ಕೇಳಿದವರು: ಎರಡು ಬೆರಳು ಹೋಗ್ತಿದೆ. ಅಳತೆ ಎಲ್ಲಿ ತಗೋಬೇಕು? ಹೊಲಿಗೆಯ ಮೇಲೆ ಜೋತುಬಿದ್ದ ಮಡಿಕೆ ಹೋಗುತ್ತಾ?

ಫಿಸಿಯೋಥೆರಪಿಸ್ಟ್: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುಮಧ್ಯ ಟೇಪ್ ಇಟ್ಟು, ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಿ. ವಾರಕ್ಕೊಮ್ಮೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಉಬ್ಬಿರುತ್ತದೆ, ಆಗ ಅಳೆಯಬೇಡಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಮಡಿಕೆಯಲ್ಲಿರುವ ಕೊಬ್ಬು ತೂಕದ ಜೊತೆ ಇಳಿಯುತ್ತದೆ. ಸಡಿಲವಾದ ಚರ್ಮ ವ್ಯಾಯಾಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಎರಡು-ಮೂರು ತಿಂಗಳಲ್ಲಿ ಅಂತರ ಕಡಿಮೆಯಾಗದಿದ್ದರೆ, ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ ನೇರವಾಗಿ ಫಿಸಿಯೋಗೆ ತೋರಿಸಿ.