ಕೊಡೆ ಹಿಡಿದರೆ ಅಮ್ಮನ ಕೈಗಡಿಯಾರ ಹೆಜ್ಜೆ ಎಣಿಸುವುದಿಲ್ಲ: ಏನು ಮಾಡಲಿ?

ಪ್ರಶ್ನೆ (ಮಡಿಕೇರಿಯಿಂದ, ತವರು ನಾಪೋಕ್ಲು ಕಡೆ)

ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ ಬಂದು ಏಳು ವರ್ಷವಾಯಿತು. ಮನೆ ಗುಡ್ಡದ ಮೇಲೆ, ಗದ್ದೆ ಕೆಳಗೆ, ನಡುವೆ ರೊಬಸ್ಟಾ ಕಾಫಿ ತೋಟ. ಮಾರ್ಚಿನಲ್ಲಿ ಕೊಯ್ಲು ಮುಗಿದ ಕೂಡಲೇ ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟೆ. ದಿನಕ್ಕೆ ಹತ್ತು ಸಾವಿರ ಎಂಬ ಗುರಿ ಅದರಲ್ಲೇ ಇತ್ತು, ನಾನು ಬದಲಾಯಿಸಲಿಲ್ಲ. ಅಮ್ಮ ಬಹಳ ಉತ್ಸಾಹದಿಂದ ಕಟ್ಟಿಕೊಂಡರು. ರಾತ್ರಿ ಎಂಟಕ್ಕೆ ಫೋನ್ ಮಾಡಿ ‘ಇವತ್ತು ಏಳು ಸಾವಿರದ ಇನ್ನೂರು’ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಆ ದನಿಯಲ್ಲಿದ್ದ ಹೆಮ್ಮೆ ನನಗೆ ಈಗಲೂ ಕೇಳಿಸುತ್ತದೆ.

ಮಳೆ ಹಿಡಿದ ಮೇಲೆ ಲೆಕ್ಕ ಎರಡು ಸಾವಿರಕ್ಕೆ ಇಳಿಯಿತು. ಮನೆಯೊಳಗೇ ಕುಳಿತಿದ್ದಾರೆ ಎಂದುಕೊಂಡು ಗದರಿದೆ. ಕಳೆದ ಶನಿವಾರ ಊರಿಗೆ ಹೋದಾಗ ಅವರ ಹಿಂದೆಯೇ ನಡೆದೆ. ಎಡಗೈಯಲ್ಲಿ ಕೊಡೆ, ಗಡಿಯಾರವೂ ಅದೇ ಕೈಗೆ. ಬಲಗೈಯಲ್ಲಿ ನಾಟಿ ಮಾಡುವವರಿಗೆ ಕಾಫಿಯ ಫ್ಲಾಸ್ಕ್. ಗದ್ದೆಗೆ ಇಳಿದು, ಬದುವಿನ ಮೇಲೆ ಆ ತುದಿಯವರೆಗೆ ಹೋಗಿ, ಮತ್ತೆ ಹತ್ತಿ ಬಂದೆವು. ನಾನು ಮನಸ್ಸಿನಲ್ಲೇ ಎಣಿಸಿದ ಹೆಜ್ಜೆ ಸಾವಿರದ ನೂರಕ್ಕೂ ಹೆಚ್ಚು. ಗಡಿಯಾರ ತೋರಿಸಿದ್ದು 310.

ಈಗ ಅದು ದೇವರ ಕೋಣೆಯ ಕಿಟಕಿಯಲ್ಲಿದೆ. ‘ನಾನು ನಡೆದದ್ದು ಅದಕ್ಕೆ ಕಾಣುವುದಿಲ್ಲ’ ಎನ್ನುತ್ತಾರೆ ಅಮ್ಮ. ಗಡಿಯಾರ ಕೆಟ್ಟಿದೆಯೇ? ಅಥವಾ ತೋಟದ ಓಡಾಟ ವ್ಯಾಯಾಮದ ಲೆಕ್ಕಕ್ಕೇ ಬರುವುದಿಲ್ಲವೇ? ಬೆಳಗಿನ ವಾಕಿಂಗ್ ಎಂದು ರಸ್ತೆಗೆ ಕಳುಹಿಸಲು ನನಗೆ ಧೈರ್ಯವಿಲ್ಲ. ನಮ್ಮ ಓಣಿಯಲ್ಲಿ ಆನೆ ದಾಟುತ್ತದೆ.

ಉತ್ತರ 1 (ಗೋಣಿಕೊಪ್ಪಲು)

ನಾನು ಸೆನ್ಸರ್‌ಗಳ ಜೊತೆ ಕೆಲಸ ಮಾಡುವವನು. ಗಡಿಯಾರ ಕೆಟ್ಟಿಲ್ಲ. ಅದು ಕಾಲನ್ನು ನೋಡುವುದೇ ಇಲ್ಲ, ನೋಡುವುದು ಕೈಯನ್ನು. ಒಳಗಿರುವ ಆಕ್ಸೆಲೆರೋಮೀಟರ್ ಮೂರು ದಿಕ್ಕಿನ ಅಲುಗಾಟವನ್ನು ಅಳೆಯುತ್ತದೆ. ನಡೆಯುವಾಗ ಕೈ ಬೀಸುವ ಲಯ ಸಿಕ್ಕಿದರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಕೊಡೆ ಹಿಡಿದ ಕೈ ಎದೆಯ ಹತ್ತಿರ ಸ್ಥಿರವಾಗಿ ನಿಲ್ಲುವುದರಿಂದ ಆ ಲಯವೇ ಇರುವುದಿಲ್ಲ. ತಲೆ, ಬೆನ್ನು ಮುಚ್ಚುವ ಗೊರಬೆ ಹೊದ್ದು ಗದ್ದೆಗೆ ಇಳಿಯುತ್ತಿದ್ದ ಕಾಲದಲ್ಲಿ ಈ ತೊಂದರೆ ಇರುತ್ತಿರಲಿಲ್ಲ, ಎರಡೂ ಕೈ ಬಿಡುವು. ತಪ್ಪು ಇನ್ನೊಂದು ಕಡೆಗೂ ಆಗುತ್ತದೆ: ಹೊಂಡ ಬಿದ್ದ ದಾರಿಯಲ್ಲಿ ಜೀಪಿನಲ್ಲಿ ಕುಳಿತು ಬಂದರೂ ಕೆಲವೊಮ್ಮೆ ಹೆಜ್ಜೆ ಏರುತ್ತದೆ.

ಹೊಸದು ಕೊಳ್ಳಬೇಡಿ. ಮೊಬೈಲ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೊಂಟದ ಹತ್ತಿರ ಕಟ್ಟಿಕೊಳ್ಳಲಿ. ಕೈ ಏನೇ ಮಾಡಲಿ, ಸೊಂಟ ಹೆಜ್ಜೆಗೊಮ್ಮೆ ಅಲುಗುತ್ತದೆ. ಆಮೇಲೆ ನೀವೇ ನೂರು ಹೆಜ್ಜೆ ಎಣಿಸಿ ಹೋಲಿಸಿ ನೋಡಿ. ನಾಡಿಬಡಿತದ ಅಂಕಿಯನ್ನೂ ಚಳಿಯಲ್ಲಿ ಪೂರ್ತಿ ನಂಬಬೇಡಿ. ಗಡಿಯಾರದ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಹರಿವನ್ನು ಓದುತ್ತದೆ, ಕೈ ತಣ್ಣಗಾದರೆ ಆ ಹರಿವು ಕಡಿಮೆಯಾಗುತ್ತದೆ.

ಉತ್ತರ 2 (ವಿರಾಜಪೇಟೆ, ಫಿಸಿಯೋಥೆರಪಿಸ್ಟ್)

ದಯವಿಟ್ಟು ಆ ಹತ್ತು ಸಾವಿರವನ್ನು ಮೊದಲು ತೆಗೆದುಹಾಕಿ. ಅದು ವೈದ್ಯರು ಬರೆದುಕೊಟ್ಟ ಸಂಖ್ಯೆಯಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ತಂದು ‘ಮನ್ಪೊ-ಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅರ್ಥ. ಸಂಖ್ಯೆ ಹಾಗೆಯೇ ಉಳಿದುಬಿಟ್ಟಿತು. 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ, 15 ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯಲ್ಲಿ, 60 ದಾಟಿದವರಲ್ಲಿ ಸಾವಿನ ಅಪಾಯ ಇಳಿಯುತ್ತಾ ಬಂದು 6,000ದಿಂದ 8,000 ಹೆಜ್ಜೆಯ ಹೊತ್ತಿಗೆ ಹೆಚ್ಚುಕಡಿಮೆ ಸಮವಾಗಿ ನಿಂತಿತು.

ತೋಟದ ಓಡಾಟ ಖಂಡಿತ ವ್ಯಾಯಾಮವೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅದು ಕೆಲಸದಲ್ಲಿ ಬಂದರೂ ಸರಿ. ಗಡಿಯಾರಕ್ಕೆ ಬಯಲಿನ ಹೆಜ್ಜೆ, ಗುಡ್ಡ ಹತ್ತುವ ಹೆಜ್ಜೆ ಎರಡೂ ಒಂದೇ. ಅಮ್ಮನ ಹೃದಯಕ್ಕೆ ಹಾಗಲ್ಲ. ಹತ್ತುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು; ಮಧ್ಯಮ ಶ್ರಮ ಎಂದರೆ ಅಷ್ಟೇ. ಊಟವಾದ ಮೇಲೆ ಜಗಲಿಯಲ್ಲಿ ಹತ್ತು ನಿಮಿಷ ನಡೆದರೂ ಸಕ್ಕರೆಗೆ ಒಳ್ಳೆಯದು. ಕಾಫಿ ಒಣಗಿಸುವ ಕಣದಲ್ಲಿ ಮಾತ್ರ ಬೇಡ, ಈಗ ಪಾಚಿ ಕಟ್ಟಿರುತ್ತದೆ.

ಇನ್ನೊಂದು ಮಾತು, ನನಗೆ ಹೆಜ್ಜೆಗಿಂತ ಇದರದೇ ಚಿಂತೆ. ಗಮ್‌ಬೂಟಿನಲ್ಲಿ ಇಡೀ ದಿನ ನೆನೆದ ಪಾದ, ಜಿಗಣೆ ಕಚ್ಚಿದ ಗಾಯ, ಜೊತೆಗೆ ಸಕ್ಕರೆ ಕಾಯಿಲೆ. ಪ್ರತಿ ಸಂಜೆ ಬೆರಳ ಸಂದಿಯವರೆಗೆ ಒರೆಸಿ, ಬೆಳಕಿನಲ್ಲಿ ಪಾದ ನೋಡಿಕೊಳ್ಳಲೇಬೇಕು. ಅದನ್ನು ತಿಳಿಸುವ ಗಡಿಯಾರವಿಲ್ಲ.

ಉತ್ತರ 3 (ಸುಂಟಿಕೊಪ್ಪ)

ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರು ತುಂಬಿದ ಚೀಲ ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಾರೆ. ಒಬ್ಬರಿಗೆ ನನ್ನ ಗಡಿಯಾರ ಕಟ್ಟಿ ನೋಡಿದೆ. ಚೀಲಕ್ಕೆ ಕೈ ಕೊಟ್ಟು ಹೋಗುತ್ತಿದ್ದುದರಿಂದ ಅಂದು ಬಂದ ಲೆಕ್ಕ, ಕಣದ ಪಕ್ಕ ನಿಂತು ತೂಕ ಬರೆದುಕೊಳ್ಳುವ ನನ್ನದಕ್ಕಿಂತ ಕಡಿಮೆ. ನನಗೆ ನಾಚಿಕೆಯಾಯಿತು.

ಮಳೆಗಾಲವನ್ನು ಮಾರ್ಚಿಗೆ ಹೋಲಿಸಬೇಡಿ. ಈ ವಾರವನ್ನು ಹೋದ ವಾರಕ್ಕೆ ಹೋಲಿಸಿದರೆ ಸಾಕು. ಕರೆಂಟ್, ನೆಟ್‌ವರ್ಕ್ ಎರಡು ದಿನ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಊರಿಗೆ ಹೋಗಿ ಮೊದಲು ಅಮ್ಮನ ಕ್ಷಮೆ ಕೇಳಿದೆ. ಮೊಬೈಲಿಗೆ ಸೊಂಟದ ಚೀಲ ಹೊಲಿದುಕೊಟ್ಟೆ. ನೂರು ಹೆಜ್ಜೆಗೆ ಅದು 96 ತೋರಿಸಿತು. ಗುರಿಯನ್ನು ಆರು ಸಾವಿರಕ್ಕೆ ಇಳಿಸಿದೆ. ಪಾದ ನೋಡಿದಾಗ ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಬೆಳ್ಳಗೆ ಸುಲಿದಿತ್ತು, ಅಮ್ಮನಿಗೆ ಗೊತ್ತೇ ಇರಲಿಲ್ಲ. ಮರುದಿನವೇ ವೈದ್ಯರಿಗೆ ತೋರಿಸಿ ಮುಲಾಮು ತಂದೆವು.

ನಿನ್ನೆ ರಾತ್ರಿ ಎಂಟಕ್ಕೆ ಮತ್ತೆ ಫೋನ್ ಬಂತು. ‘ಗದ್ದೆಗೆ ಎರಡು ಸಲ ಹೋಗಿ ಬಂದೆ. ಹತ್ತುವಾಗ ಹಲಸಿನ ಮರದ ಹತ್ತಿರ ಮಾತ್ರ ನಿಂತೆ. ಕಾಲು ಒರೆಸಿ ಆಯಿತು.’ ಹೆಜ್ಜೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.