ರೈಲಿನ ‘ಕ್ವೈಟ್ ಝೋನ್’ಗೆ ‘ನಿಶ್ಶಬ್ದ ವಲಯ’ ಒಗ್ಗುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಟೆಕ್ಸಾಸ್‌ನ ನಮ್ಮೂರಿನ ನಗರಾಡಳಿತ ಊರೊಳಗಿನ ರೈಲ್ವೆ ಗೇಟುಗಳನ್ನು ‘ಕ್ವೈಟ್ ಝೋನ್’ ಮಾಡಲು, ಅಂದರೆ ಅಲ್ಲಿ ರೈಲು ಪ್ರತಿ ಸಲ ಹಾರ್ನ್ ಹೊಡೆಯಲೇಬೇಕೆಂಬ ಕಡ್ಡಾಯವನ್ನು ತೆಗೆಯಲು ಹೊರಟಿದೆ. ಅದರ ತಿಳಿವಳಿಕೆ ಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರು ಹೆಚ್ಚಾಗಿ ಮಕ್ಕಳ ಮನೆಗೆ ಬಂದು ಕೆಲವು ತಿಂಗಳು ಇದ್ದು ಹೋಗುವ ಅಪ್ಪ ಅಮ್ಮಂದಿರು, ವಾಕಿಂಗ್‌ಗೆಂದು ಇದೇ ಹಳಿ ದಾಟುವವರು. ಕೈಗೆ ಮೊದಲು ಸಿಗುವ ಪದ ‘ನಿಶ್ಶಬ್ದ ವಲಯ’. ನನಗೆ ಅದು ಸರಿ ಕಾಣುತ್ತಿಲ್ಲ.

ಮೊದಲನೆಯದಾಗಿ, ಆ ಪದಕ್ಕೆ ನಮ್ಮಲ್ಲಿ ಆಗಲೇ ಕಾನೂನಿನ ಅರ್ಥವೊಂದು ಕೂತುಬಿಟ್ಟಿದೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಲ್ಲಿ ಸದ್ದು ಹಗಲು 50, ರಾತ್ರಿ 40 ಡೆಸಿಬೆಲ್ ಮೀರಬಾರದು. (ಎಷ್ಟೋ ಬೋರ್ಡುಗಳಲ್ಲಿ ಅದು ‘ನಿಶ್ಯಬ್ದ’ ಆಗಿರುತ್ತದೆ. ಆ ಚರ್ಚೆ ಇನ್ನೊಮ್ಮೆ.) ಅಂದರೆ ಅದು ನಿಷೇಧ. ಹಾರ್ನ್ ಹೊಡೆದವನು ತಪ್ಪಿತಸ್ಥ.

ಇಲ್ಲಿ ಕತೆ ತಲೆಕೆಳಗು. ಹಾರ್ನ್ ಹೊಡೆಯದೆ ಹೋದರೇ ತಪ್ಪು. ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ (ಅಮೆರಿಕದಲ್ಲಿ ರೈಲು ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಇಲಾಖೆ) ಮಾಡಿದ ನಿಯಮ ಜಾರಿಗೆ ಬಂದದ್ದು 2005ರ ಜೂನ್‌ನಲ್ಲಿ. ಅದರ ಪ್ರಕಾರ ರೈಲು ಗೇಟು ತಲುಪುವುದಕ್ಕೆ 15ರಿಂದ 20 ಸೆಕೆಂಡು ಮೊದಲೇ ಹಾರ್ನ್ ಶುರುವಾಗಬೇಕು, ಇಂಜಿನ್ ರಸ್ತೆಯ ಮೇಲೆ ಬರುವ ತನಕ ನಿಲ್ಲಬಾರದು. ಇಂಜಿನ್ನಿನಿಂದ 100 ಅಡಿ ಮುಂದೆ ನಿಂತು ಅಳೆದರೆ ಸದ್ದು 96 ಡೆಸಿಬೆಲ್‌ಗೆ ಕಡಿಮೆ ಇರಕೂಡದು, 110 ದಾಟಕೂಡದು. ಹೊಡೆಯುವ ಲಯವೂ ಗೊತ್ತುಮಾಡಿದ್ದು: ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಛಂದಸ್ಸು ಓದಿದವರಿಗೆ ಒಂದು ತಗಣ, ಅದರ ಬೆನ್ನಿಗೊಂದು ಗುರು. ನಡುರಾತ್ರಿಯ ಗೂಡ್ಸ್ ಗಾಡಿ ಗೇಟಿಗೊಂದು ಸಲ ಇದನ್ನೇ ಪಾಠ ಒಪ್ಪಿಸುತ್ತಾ ಹೋದರೆ ಜನ ನಿದ್ದೆ ಮಾಡುವುದು ಹೇಗೆ?

ಕ್ವೈಟ್ ಝೋನ್ ಎಂದರೆ ಈ ಕಡ್ಡಾಯದಿಂದ ಬಿಡುಗಡೆ, ಅಷ್ಟೇ. ಚಕ್ರದ ಗಡಗಡ ಇದ್ದೇ ಇರುತ್ತದೆ, ಗೇಟಿನ ಗಂಟೆಯೂ ಬಡಿದುಕೊಳ್ಳುತ್ತದೆ. ಹಳಿಯ ಮೇಲೆ ಯಾರಾದರೂ ಕಂಡರೆ ಚಾಲಕ ಹಾರ್ನ್ ಹೊಡೆಯಬಹುದು. ಈ ಬಿಡುಗಡೆ ಪುಕ್ಕಟೆಯೂ ಅಲ್ಲ. ಕನಿಷ್ಠ ಅರ್ಧ ಮೈಲಿ ಉದ್ದದ ಹಳಿಯನ್ನು ಲೆಕ್ಕಕ್ಕೆ ಹಿಡಿದು, ಅದರೊಳಗಿನ ಪ್ರತಿ ಸಾರ್ವಜನಿಕ ಗೇಟಿಗೂ ಮಿನುಗುವ ದೀಪ, ತಾನಾಗಿ ಬೀಳುವ ಗೇಟು ಇರಬೇಕು. ಅದರ ಜೊತೆಗೆ, ಹಾರ್ನ್ ಇಲ್ಲದ್ದರಿಂದ ಹೆಚ್ಚುವ ಅಪಾಯವನ್ನು ಬೇರೆ ಕಟ್ಟೋಣದಿಂದ ತುಂಬಿಕೊಡಬೇಕು: ರಸ್ತೆಯ ಎರಡೂ ಬದಿಗೆ ಎರಡೆರಡು ಗೇಟು, ಇಲ್ಲವೇ ಗೇಟು ತಪ್ಪಿಸಿ ನುಸುಳುವವರನ್ನು ತಡೆಯುವ 100 ಅಡಿಯ ಡಿವೈಡರ್, ಇಲ್ಲವೇ ಆ ರಸ್ತೆಯನ್ನೇ ಮುಚ್ಚುವುದು. ಇಷ್ಟು ಬಿಗಿ ಯಾಕೆಂದರೆ ಫ್ಲೋರಿಡಾದ ಪಾಠ. 1984ರ ಅಲ್ಲಿನ ಕಾನೂನನ್ನು ಹಿಡಿದು ಹಲವು ಊರುಗಳು ರಾತ್ರಿ ಹಾರ್ನ್ ನಿಲ್ಲಿಸಿದವು. ಆ ಗೇಟುಗಳಲ್ಲಿ ರಾತ್ರಿಯ ಅಪಘಾತ ಸುಮಾರು ಮೂರು ಪಟ್ಟಾಯಿತು. 1991ರಲ್ಲಿ ಕೇಂದ್ರದ ತುರ್ತು ಆದೇಶ ಬಂದು ಮತ್ತೆ ಹಾರ್ನ್ ಶುರುವಾದ ಮೇಲೆ ಅಪಘಾತವೂ ಇಳಿಯಿತು.

ಈಗ ಹಳದಿ ಬೋರ್ಡಿನ ವಿಷಯ. ಇಂಥ ಗೇಟಿಗೆ ಮೊದಲು ರಸ್ತೆ ಬದಿಯಲ್ಲಿ ‘ನೋ ಟ್ರೇನ್ ಹಾರ್ನ್’ ಎಂದು ಬರೆದಿರುತ್ತಾರೆ. ನಮ್ಮವರಿಗೆ ‘ನೋ ಹಾರ್ನ್’ ಎಂದರೆ ಆಸ್ಪತ್ರೆ ಮುಂದಿನ ಅಪ್ಪಣೆ: ‘ಹಾರ್ನ್ ಮಾಡಬೇಡಿ’. ಇಲ್ಲಿ ಅದು ಹಳಿ ದಾಟುವವನಿಗೆ ಎಚ್ಚರಿಕೆ: ‘ರೈಲು ಕೂಗದೆ ಬರುತ್ತದೆ, ನೀವೇ ನೋಡಿಕೊಳ್ಳಿ’. ಊರಲ್ಲಿ ರೈಲು ಕೂಗಿದ ಮೇಲೆ ಹಳಿಯಿಂದ ಸರಿದು ರೂಢಿಯಾದವರು ಪತ್ರದಲ್ಲಿ ‘ನಿಶ್ಶಬ್ದ ವಲಯ’ ಓದಿದರೆ, ನಾವು ಗಲಾಟೆ ಮಾಡಬಾರದೇನೋ ಎಂದುಕೊಂಡು ದಾಟಿಬಿಡುತ್ತಾರೆ. ನನ್ನ ತಕರಾರಿನ ತಿರುಳು ಇದೇ. ಉಳಿದದ್ದೆಲ್ಲ ರುಚಿಯ ಮಾತು.

‘ಹಾರ್ನ್‌ಮುಕ್ತ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಪ್ಲಾಸ್ಟಿಕ್‌ಮುಕ್ತ, ತಂಬಾಕುಮುಕ್ತಗಳ ಸಾಲಿಗೆ ಸೇರಿ ಹಾರ್ನೇ ಪಿಡುಗು ಎನ್ನುವ ಧ್ವನಿ ಬರುತ್ತದೆ, ಬೇಡ. ‘ಹಾರ್ನ್ ವಿನಾಯಿತಿ ವಲಯ’ ಅರ್ಥಕ್ಕೆ ಹತ್ತಿರ. ತೆರಿಗೆ ಕಚೇರಿಯ ವಾಸನೆ ಇದೆಯಾದರೂ ಸಹಿಸಬಹುದು. ತಲೆಬರಹಕ್ಕೆ ಇದನ್ನಿಟ್ಟು, ಒಳಗೆಲ್ಲ ‘ಹಾರ್ನ್ ಹೊಡೆಯದ ಗೇಟು’ ಎಂದೇ ಬರೆಯೋಣ ಎಂದಿದ್ದೇನೆ. ಕ್ವೈಟ್ ಝೋನಿನಲ್ಲೇ ಇನ್ನೊಂದು ಬಗೆ ಇದೆ, ರಾತ್ರಿ 10ರಿಂದ ಬೆಳಗ್ಗೆ 7ರ ತನಕ ಮಾತ್ರ ಹಾರ್ನ್ ಇಲ್ಲದ್ದು. ಇಂಗ್ಲಿಷಿನವರು ‘ಪಾರ್ಶಿಯಲ್’ ಎನ್ನುತ್ತಾರೆ. ‘ಭಾಗಶಃ’ ಎಂದರೆ ನಮಗೆ ಅರ್ಧ ಸದ್ದಿನಲ್ಲಿ ಹಾರ್ನ್ ಹೊಡೆದಂತೆ ಕೇಳುತ್ತದೆ. ‘ರಾತ್ರಿ ವಿನಾಯಿತಿ’ ಸಾಕಲ್ಲವೇ?

ಮೂಲದ ‘ಎಸ್ಟಾಬ್ಲಿಷ್’ಗೆ ‘ಸ್ಥಾಪನೆ’ ಹಾಕಿಲ್ಲ. ಸ್ಥಾಪಿಸುವುದು ಸಂಘವನ್ನು, ಪ್ರತಿಮೆಯನ್ನು; ವಲಯವನ್ನಾದರೆ ಘೋಷಿಸುತ್ತಾರೆ. ಕೆಲಸ ನಡೆಯುವ ರೀತಿಗೂ ಘೋಷಣೆಯೇ ಒಪ್ಪುತ್ತದೆ. ಎಲ್ಲ ಗೇಟುಗಳಿಗೂ ನಿಯಮದ ಪಟ್ಟಿಯಲ್ಲಿರುವ ಏರ್ಪಾಡು ಮಾಡಿದ್ದರೆ ಊರಿನ ಆಡಳಿತ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ‘ಹೀಗೆ ಮಾಡಲಿದ್ದೇವೆ’ ಎಂದು ರೈಲು ಕಂಪನಿಗೂ ರಾಜ್ಯದ ಇಲಾಖೆಗಳಿಗೂ ನೋಟಿಸು ಕೊಟ್ಟು ಅಭಿಪ್ರಾಯಕ್ಕೆ 60 ದಿನ ಬಿಡಬೇಕು. ಕೊನೆಯ ನೋಟಿಸು ಕಳಿಸಿ 21 ದಿನವಾದರೂ ಕಳೆಯದೆ ಹಾರ್ನ್ ನಿಲ್ಲುವಂತಿಲ್ಲ.

ರೈಲ್ವೆಯಲ್ಲಿ ದುಡಿದವರು ಈ ಬಳಗದಲ್ಲಿದ್ದಾರೆ, ಅವರಿಗೆ ನನ್ನ ಪ್ರಶ್ನೆಗಳು. ರಸ್ತೆ ಹಳಿಯನ್ನು ದಾಟುವ ಜಾಗಕ್ಕೆ ಇಂಗ್ಲಿಷಿನಲ್ಲಿರುವ ‘ಕ್ರಾಸಿಂಗ್’ ಪದ ನಾನು ಬಿಟ್ಟಿದ್ದೇನೆ, ಏಕೆಂದರೆ ನಮ್ಮಲ್ಲಿ ‘ಗಾಡಿ ಕ್ರಾಸಿಂಗ್‌ಗೆ ನಿಂತಿದೆ’ ಎಂದರೆ ಎದುರಿನ ರೈಲಿಗೆ ದಾರಿ ಬಿಡಲು ನಿಂತಿದೆ ಎಂದರ್ಥ. ಆದರೆ ‘ಗೇಟು’ ಎಂದರೆ ತೊಡಕು ಇನ್ನೊಂದು: ಅದು ಜಾಗದ ಹೆಸರೂ ಹೌದು, ಮೇಲೇಳುವ ಕಂಬದ ಹೆಸರೂ ಹೌದು. ‘ಪ್ರತಿ ಗೇಟಿಗೆ ನಾಲ್ಕು ಗೇಟು’ ಎಂದು ಬರೆದರೆ ಓದಿದವರು ನಗುತ್ತಾರೆ. ಆ ಕಂಬಕ್ಕೆ ಗೇಟ್‌ಮನ್‌ಗಳು ತಮ್ಮೊಳಗೆ ಏನೆನ್ನುತ್ತಾರೆ? ಹುಬ್ಬಳ್ಳಿ ಕಡೆ ಒಂದು, ಮೈಸೂರು ಕಡೆ ಒಂದು ಇದ್ದರೆ ಎರಡನ್ನೂ ಹೇಳಿ. ಹಾಗೆಯೇ, ಇಂಜಿನ್ನಿನ ಬದಲು ಗೇಟಿನ ಬಳಿ ನೆಟ್ಟ ಬೇರೊಂದು ಕಂಬಕ್ಕೇ ಹಾರ್ನ್ ಕಟ್ಟಿ ರಸ್ತೆಯ ಕಡೆ ತಿರುಗಿಸಿಡುವ ಏರ್ಪಾಡೂ ಇಲ್ಲಿದೆ. ಅದಕ್ಕೆ ‘ಕಂಬದ ಹಾರ್ನ್’ ಎಂದಿದ್ದೇನೆ. ಇದಕ್ಕಿಂತ ಚೊಕ್ಕವಾದದ್ದು ಹೊಳೆದರೆ ಬರೆಯಿರಿ, ಪತ್ರ ಅಚ್ಚಿಗೆ ಹೋಗುವ ಮುಂಚೆ ತಿದ್ದುತ್ತೇನೆ.